ಮರ್ಕೆಲ್ ಸೆಲ್ ಕ್ಯಾನ್ಸರ್‌ಗೆ ಅಮ್ಮನನ್ನು ತೋರಿಸಿದ ಕ್ಲಿನಿಕ್ ಬಗ್ಗೆ

ಮೊದಲು ಅಂಕ ಹೇಳಿಬಿಡುತ್ತೇನೆ. ಐದಕ್ಕೆ ನಾಲ್ಕೂವರೆ. ಕಾಯಿಲೆ ಪತ್ತೆ ಮಾಡುವುದರಲ್ಲಿ, ಯಾವುದು ಮೊದಲು ಯಾವುದು ಆಮೇಲೆ ಅಂತ ತೀರ್ಮಾನಿಸುವುದರಲ್ಲಿ, ರೋಗಿಯ ಜೊತೆ ಮಾತಾಡುವುದರಲ್ಲಿ ಅವರಿಗೆ ಪೂರ್ತಿ ಐದು. ಅರ್ಧ ಕಳೆದದ್ದು ರಾತ್ರಿ ಹೊತ್ತಿನ ಫೋನ್ ವ್ಯವಸ್ಥೆಗೆ, ಮತ್ತೆ ಅಮ್ಮನ ಕೈ ಊತದ ವಿಷಯದಲ್ಲಿ ತಡ ಮಾಡಿದ್ದಕ್ಕೆ. ಅದನ್ನೂ ಬರೆಯುತ್ತೇನೆ.

ಇದು ಒಂದು ದೊಡ್ಡ ಆಸ್ಪತ್ರೆಯೊಳಗೆ ವಾರಕ್ಕೊಂದು ದಿನ ನಡೆಯುವ ಚರ್ಮ ಕ್ಯಾನ್ಸರ್ ಕ್ಲಿನಿಕ್. ಹೆಸರು ಹಾಕುತ್ತಿಲ್ಲ. ಈ ಕಾಯಿಲೆಗೆ ಹೋಗುವ ಜಾಗದಲ್ಲಿ ಏನೇನು ಇರಬೇಕು ಅನ್ನುವುದನ್ನು ಹೇಳಬೇಕು ಅಂತ ನನಗೆ ಆಸೆ. ನೀವು ಎಲ್ಲಿಗೆ ಹೋದರೂ ಇದನ್ನೇ ಕೇಳಬಹುದು, ಅಲ್ವಾ?

ಅಮ್ಮನಿಗೆ ಬಂದದ್ದು ಮರ್ಕೆಲ್ ಸೆಲ್ ಕಾರ್ಸಿನೋಮ. ಚರ್ಮದ ಕ್ಯಾನ್ಸರ್‌ಗಳಲ್ಲೇ ಬಹಳ ಅಪರೂಪದ್ದು, ಬಹಳ ವೇಗದ್ದು. ಅಮೆರಿಕದ 2013ರ ಲೆಕ್ಕದಲ್ಲಿ ಲಕ್ಷ ಜನಕ್ಕೆ ವರ್ಷಕ್ಕೆ ಸುಮಾರು 0.7. ಅಂದರೆ ಒಬ್ಬ ಚರ್ಮದ ಡಾಕ್ಟರು ಇಡೀ ಜೀವಮಾನದಲ್ಲಿ ಕೈಬೆರಳೆಣಿಕೆಯಷ್ಟು ರೋಗಿಗಳನ್ನು ನೋಡಿದರೆ ಹೆಚ್ಚು. ಹಾಗಾಗಿ ಮೊದಲು ಹೋದ ಕಡೆ ಗೊತ್ತಾಗಲಿಲ್ಲ ಅಂತ ಯಾರ ಮೇಲೂ ನಾನು ರೇಗುವುದಿಲ್ಲ. ಆದರೆ ಗೊತ್ತಾದ ಮೇಲೆ ಎಲ್ಲಿಗೆ ಹೋಗುತ್ತೀರಿ ಅನ್ನುವುದು ತುಂಬಾ ಮುಖ್ಯ.

ಗಂಟು ಇದ್ದದ್ದು ಎಡಗೈಯ ಮುಂಗೈ ಮೇಲೆ, ಮೊಣಕೈಗೆ ಸ್ವಲ್ಪ ಕೆಳಗೆ. ಕೆಂಪು ನೇರಳೆ ಬಣ್ಣ, ಮೇಲ್ಮೈ ನುಣುಪು, ಒತ್ತಿದರೆ ಗಟ್ಟಿ. ನೋವಿಲ್ಲ, ತುರಿಕೆ ಇಲ್ಲ, ರಕ್ತ ಇಲ್ಲ. "ನೋವೇ ಇಲ್ವಲ್ಲ, ಬಿಡು" ಅಂತ ಅಮ್ಮ ಅನ್ನುತ್ತಿದ್ದಳು. ಹತ್ತಿರದ ಡಾಕ್ಟರು ನೋಡಿ ಸಿಸ್ಟ್ ಇರಬೇಕು ಅಂದರು. ಆದರೆ ಅದು ಕಣ್ಣೆದುರೇ ಬೆಳೆಯಿತು. ತೆಗೆದುಬಿಡೋಣ ಅಂತ ಅವರು ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು ಕೊಯ್ದಾಗ ಒಳಗೆ ಸಿಸ್ಟ್‌ನ ಚೀಲವೇ ಇರಲಿಲ್ಲ, ಗಟ್ಟಿ ಮಾಂಸದಂಥದ್ದು ಸಿಕ್ಕಿತು. ಅಲ್ಲಿಗೇ ಕೈ ನಿಲ್ಲಿಸಿ, ಒಂದು ಚೂರು ತೆಗೆದು ಬಯಾಪ್ಸಿಗೆ ಕಳಿಸಿದರು. ಆ ಡಾಕ್ಟರಿಗೆ ನಾನು ಋಣಿ. ಸಿಸ್ಟ್ ಅಂದುಕೊಂಡು ತೆಗೆದದ್ದನ್ನು ಲ್ಯಾಬಿಗೆ ಕಳಿಸದೆ ಕಸದ ಬುಟ್ಟಿಗೆ ಹಾಕಿದ್ದರೆ ನಮಗೆ ಏನೂ ಗೊತ್ತಾಗುತ್ತಿರಲಿಲ್ಲ.

ಲ್ಯಾಬ್ ರಿಪೋರ್ಟಿನಲ್ಲಿ ಖಚಿತವಾಗಿ ಏನೂ ಇರಲಿಲ್ಲ. ಚಿಕ್ಕ ದುಂಡು ನೀಲಿ ಕೋಶಗಳ ಗೆಡ್ಡೆ, ಲಿಂಫೋಮ (ಲಿಂಫ್ ಗ್ರಂಥಿಗಳ ಕ್ಯಾನ್ಸರ್) ಇರಬಹುದು, ಶ್ವಾಸಕೋಶದಿಂದ ಹರಡಿದ್ದಿರಬಹುದು, ಇನ್ನಷ್ಟು ಪರೀಕ್ಷೆ ಬೇಕು ಅಂತಿತ್ತು. ಬೇರೊಂದು ಕಡೆ ಸರ್ಜನ್ ಒಬ್ಬರು ಮರುವಾರವೇ ಸುತ್ತ ಅಗಲವಾಗಿ ಕೊಯ್ದು ತೆಗೆದುಬಿಡೋಣ ಅಂತ ದಿನ ಕೊಟ್ಟರು. ಬೇಗ ಆಗುತ್ತದಲ್ಲ ಅಂತ ಮನೆಯಲ್ಲಿ ಎಲ್ಲರಿಗೂ ಸಮಾಧಾನ. ನನಗೆ ಮಾತ್ರ ಒಂದು ವಿಷಯ ಕೊರೆಯುತ್ತಿತ್ತು. ನಾನು ಲೆಕ್ಕಪತ್ರದ ಕೆಲಸದವಳು. ಏನು ಅಂತಲೇ ಗೊತ್ತಿಲ್ಲದ ಬಾಬ್ತಿಗೆ ಖರ್ಚು ಬರೆಯುವುದಿಲ್ಲ. ಏನು ಅಂತಲೇ ಖಚಿತವಾಗದ ಗೆಡ್ಡೆಗೆ ಆಪರೇಷನ್ ದಿನ ಹೇಗೆ ಇಟ್ಟರು? ಪರಿಚಯದ ನರ್ಸ್ ಒಬ್ಬರು ಈ ಕ್ಲಿನಿಕ್ ಬಗ್ಗೆ ಹೇಳಿದರು. ಹೋದೆವು.

ಮೊದಲ ಭೇಟಿಯಲ್ಲಿ ಚರ್ಮದ ಡಾಕ್ಟರು ಗಂಟನ್ನು ಕೊನೆಯಲ್ಲಿ ನೋಡಿದರು. ಅದಕ್ಕೂ ಮೊದಲು ಅಮ್ಮನ ಇಡೀ ಮೈ ಚರ್ಮ ನೋಡಿದರು. ಕೂದಲು ಬಿಡಿಸಿ ನೆತ್ತಿ, ಕಿವಿಯ ಹಿಂದೆ, ಬೆನ್ನು, ಕಾಲ್ಬೆರಳ ಸಂದಿ. ಆಮೇಲೆ ಕುತ್ತಿಗೆ, ಎರಡೂ ಕಂಕುಳು, ತೊಡೆಸಂದು ಮುಟ್ಟಿ ಒತ್ತಿ ಲಿಂಫ್ ಗ್ರಂಥಿ ದಪ್ಪ ಆಗಿದೆಯಾ ಅಂತ ಪರೀಕ್ಷಿಸಿದರು. ಅಮ್ಮನಿಗೆ ಸಂಕೋಚ ಆಗದಂತೆ ನರ್ಸ್ ಜೊತೆಗಿದ್ದು, ನೋಡುವ ಭಾಗ ಬಿಟ್ಟು ಉಳಿದದ್ದಕ್ಕೆ ಹೊದಿಕೆ ಹಾಕುತ್ತಾ ಹೋದರು. ಕೊನೆಗೆ ಗಂಟಿನ ಪಕ್ಕ ಅಳತೆಪಟ್ಟಿ ಇಟ್ಟು ಫೋಟೊ ತೆಗೆದರು. 1.8 ಸೆಂಟಿಮೀಟರ್. ಈ ಕಾಯಿಲೆಯಲ್ಲಿ 2 ಸೆಂಟಿಮೀಟರ್ ಅನ್ನುವುದು ಒಂದು ಗಡಿ. ಬೇರೆಲ್ಲೂ ಹರಡಿರದಿದ್ದರೆ ಅದರವರೆಗೆ ಮೊದಲ ಹಂತ, ದಾಟಿದರೆ ಎರಡನೆಯದು. ಲಿಂಫ್ ಗ್ರಂಥಿಗೆ ಹೋಗಿದ್ದರೆ ಮೂರು, ದೂರದ ಅಂಗಗಳಿಗೆ ಹೋಗಿದ್ದರೆ ನಾಲ್ಕು.

ಅವರು ಕೇಳಿದ ಪ್ರಶ್ನೆಗಳು ನನಗೆ ಇವತ್ತಿಗೂ ನೆನಪಿವೆ. ನೋವು ಇದೆಯಾ? ಎಷ್ಟು ಬೇಗ ಬೆಳೆಯಿತು? ರೋಗನಿರೋಧಕ ಶಕ್ತಿ ಕಡಿಮೆ ಮಾಡುವ ಮಾತ್ರೆ ತಗೊಳ್ತಿದ್ದೀರಾ, ಅಂಗ ಕಸಿ ಆಗಿದೆಯಾ, ರಕ್ತದ ಕ್ಯಾನ್ಸರ್ ಏನಾದರೂ ಇತ್ತಾ? ವಯಸ್ಸು ಎಷ್ಟು? ಈ ಜಾಗಕ್ಕೆ ಬಿಸಿಲು ಬೀಳುತ್ತಿತ್ತಾ? ಈ ಐದು ಪ್ರಶ್ನೆ ಸುಮ್ನೆ ಬಂದದ್ದಲ್ಲ. 2008ರಲ್ಲಿ 195 ರೋಗಿಗಳನ್ನು ಅಧ್ಯಯನ ಮಾಡಿದ ಒಂದು ತಂಡ, ಮರ್ಕೆಲ್ ಸೆಲ್ ಕ್ಯಾನ್ಸರ್ ಗುರುತಿಸಲು ಐದು ಸುಳಿವು ಕೊಟ್ಟಿತ್ತು: ನೋವಿಲ್ಲದಿರುವುದು, ವೇಗವಾಗಿ ಬೆಳೆಯುವುದು, ರೋಗನಿರೋಧಕ ಶಕ್ತಿ ಕುಗ್ಗಿರುವುದು, 50 ದಾಟಿದ ವಯಸ್ಸು, ಬಿಸಿಲು ಬೀಳುವ ಜಾಗ. ಆ ರೋಗಿಗಳಲ್ಲಿ 89% ಜನರಿಗೆ ಇವುಗಳಲ್ಲಿ ಮೂರು ಅಥವಾ ಹೆಚ್ಚು ಇದ್ದವು. ಅಮ್ಮನಿಗೆ ನಾಲ್ಕು. ಅದೇ ಅಧ್ಯಯನದಲ್ಲಿ ಬಯಾಪ್ಸಿಗೆ ಮುಂಚೆ ಡಾಕ್ಟರುಗಳು ಅರ್ಧಕ್ಕಿಂತ ಜಾಸ್ತಿ ಗಂಟುಗಳನ್ನು ಅಪಾಯವಿಲ್ಲದ್ದು ಅಂತಲೇ ಅಂದುಕೊಂಡಿದ್ದರಂತೆ. ಅವರಿಗೆ ಹೆಚ್ಚಾಗಿ ಅನಿಸಿದ್ದು ಸಿಸ್ಟ್.

ಇಲ್ಲೊಂದು ಮಾತು. ಚರ್ಮದ ಕ್ಯಾನ್ಸರ್ ಅಂದ ಕೂಡಲೇ ನಮಗೆ ಕಪ್ಪು ಮಚ್ಚೆ ಮಾತ್ರ ನೆನಪಾಗುತ್ತದೆ. ಇದು ಕಪ್ಪಗಿರುವುದಿಲ್ಲ. ಕೆಂಪು, ನೇರಳೆ, ಇಲ್ಲವೇ ಚರ್ಮದ್ದೇ ಬಣ್ಣ. ಬಿಳಿ ಚರ್ಮದವರಲ್ಲಿ ಜಾಸ್ತಿ ಅನ್ನುವುದು ನಿಜ, ಆದರೆ ಉಳಿದವರಿಗೆ ಬರುವುದೇ ಇಲ್ಲ ಅನ್ನುವುದು ಸುಳ್ಳು. ನೋವಿಲ್ಲದ ಗಟ್ಟಿ ಗಂಟು ವಾರದಿಂದ ವಾರಕ್ಕೆ ದೊಡ್ಡದಾಗುತ್ತಿದ್ದರೆ ಬಯಾಪ್ಸಿ ಕೇಳಿ.

ಈ ಕ್ಲಿನಿಕ್‌ಗೆ ನಾನು ಅತಿ ಹೆಚ್ಚು ಬೆಲೆ ಕೊಡುವುದು ಒಂದು ಕಾರಣಕ್ಕೆ. ಅವರು ಹೊರಗಿನ ಲ್ಯಾಬಿನ ರಿಪೋರ್ಟ್ ಓದಿ ಚಿಕಿತ್ಸೆ ಶುರು ಮಾಡಲಿಲ್ಲ. ಗಾಜಿನ ಸ್ಲೈಡ್ ಮತ್ತು ಮೇಣದ ಬ್ಲಾಕ್ ಎರಡನ್ನೂ ತರಿಸಿಕೊಂಡರು. ಬ್ಲಾಕ್ ಅಂದರೆ ತೆಗೆದ ಚೂರನ್ನು ಮೇಣದಲ್ಲಿ ಹುದುಗಿಸಿ ಇಟ್ಟಿರುವುದು. ಅದರಿಂದ ಹೊಸದಾಗಿ ತೆಳು ಪದರ ಕತ್ತರಿಸಿ ಬೇರೆ ಬೇರೆ ಪ್ರೋಟೀನ್‌ಗಳಿಗೆ ಬಣ್ಣ ಹಾಕಿ ನೋಡಬಹುದು. ಇವರ ಪೆಥಾಲಜಿ ಡಾಕ್ಟರು ಹಾಗೇ ಮಾಡಿದರು.

ಅವರು ನನ್ನನ್ನು ಕೂರಿಸಿಕೊಂಡು ಸ್ಕ್ರೀನ್ ಮೇಲೆ ತೋರಿಸಿದರು. ಪೆಥಾಲಜಿಯವರು ರೋಗಿಯ ಮನೆಯವರ ಜೊತೆ ಮಾತಾಡುವುದು ನಾನು ಬೇರೆಲ್ಲೂ ನೋಡಿಲ್ಲ. ಮಾಮೂಲಿ ಬಣ್ಣದಲ್ಲಿ ನೋಡಿದರೆ ಎಲ್ಲಾ ಒಂದೇ ಥರದ ನೀಲಿ ಚುಕ್ಕೆ. ಇದು ಲಿಂಫೋಮಾನಾ, ಮೆಲನೋಮಾನಾ (ಕಪ್ಪು ಮಚ್ಚೆಯ ಕ್ಯಾನ್ಸರ್), ಶ್ವಾಸಕೋಶದ ಸ್ಮಾಲ್ ಸೆಲ್ ಕ್ಯಾನ್ಸರ್ ಹರಡಿದ್ದಾ, ಮರ್ಕೆಲ್ ಸೆಲ್ಲಾ ಅಂತ ಬರಿ ಕಣ್ಣಿಗೆ ಬಿಡಿಸಲಾಗುವುದಿಲ್ಲ. ಸಿಕೆ-20 ಅನ್ನುವ ಬಣ್ಣ ಹಾಕಿದಾಗ ಪ್ರತಿ ಕೋಶದಲ್ಲೂ ನ್ಯೂಕ್ಲಿಯಸ್‌ಗೆ ಅಂಟಿಕೊಂಡು ಒಂದು ಕಂದು ಬೊಟ್ಟು ಮೂಡಿತ್ತು. ಮರ್ಕೆಲ್ ಸೆಲ್‌ನ ಗುರುತು ಅದು. ಟಿಟಿಎಫ್-1 ಹಾಕಿದಾಗ ಏನೂ ಮೂಡಲಿಲ್ಲ. ಶ್ವಾಸಕೋಶದ ಸ್ಮಾಲ್ ಸೆಲ್ ಆಗಿದ್ದರೆ ಸಾಮಾನ್ಯವಾಗಿ ಮೂಡುತ್ತಿತ್ತು. ಲಿಂಫೋಮ ಮತ್ತು ಮೆಲನೋಮ ಹುಡುಕುವ ಬಣ್ಣಗಳೂ ಖಾಲಿ. ನರ ಮತ್ತು ಹಾರ್ಮೋನ್ ಗುಣದ ಕೋಶ ಅಂತ ತೋರಿಸುವ ಸಿನಾಪ್ಟೋಫೈಸಿನ್ ಮೂಡಿತ್ತು. ಈಗ ಅನುಮಾನಕ್ಕೆ ಜಾಗ ಇರಲಿಲ್ಲ.

ಲಿಂಫೋಮ ಅಂದುಕೊಂಡಿದ್ದರೆ ಚಿಕಿತ್ಸೆಯ ದಾರಿಯೇ ಬೇರೆ. ಶ್ವಾಸಕೋಶದಿಂದ ಬಂದದ್ದು ಅಂದುಕೊಂಡಿದ್ದರೆ ಅದು ಆಗಲೇ ನಾಲ್ಕನೇ ಹಂತ. ಒಂದು ಕಂದು ಬೊಟ್ಟಿನ ಮೇಲೆ ಅಮ್ಮನ ಮುಂದಿನ ವರ್ಷಗಳು ನಿಂತಿದ್ದವು. ಈ ಪರೀಕ್ಷೆಗೆ ಒಂದು ವಾರ ಹಿಡಿಯಿತು. ಆ ವಾರ ಕಾಯುವುದು ಕಷ್ಟ, ನಾನು ಸುಳ್ಳು ಹೇಳುವುದಿಲ್ಲ. ಆದರೂ ಆ ವಾರ ಕಾದದ್ದು ಸರಿ ಅಂತಲೇ ಹೇಳುತ್ತೇನೆ.

ಆಮೇಲೆ ಅವರ ಸಭೆ. ಸರ್ಜನ್, ರೇಡಿಯೇಷನ್ ಡಾಕ್ಟರು, ಔಷಧಿ ಕೊಡುವ ಕ್ಯಾನ್ಸರ್ ಡಾಕ್ಟರು, ಚರ್ಮದ ಡಾಕ್ಟರು, ಪೆಥಾಲಜಿಯವರು, ಸ್ಕ್ಯಾನ್ ಓದುವವರು ಎಲ್ಲಾ ಒಂದೇ ಕೋಣೆಯಲ್ಲಿ. ನಾವು ಹೊರಗೆ ಕೂತಿದ್ದೆವು. ಅದಾದ ಮೇಲೆ ಇಬ್ಬರು ಬಂದು, ಎಲ್ಲರೂ ಒಪ್ಪಿದ ಕ್ರಮವನ್ನು ಒಂದು ಹಾಳೆಯಲ್ಲಿ ಬರೆದುಕೊಟ್ಟು ವಿವರಿಸಿದರು. ಮೊದಲು ಪೆಟ್ ಸಿಟಿ ಸ್ಕ್ಯಾನ್, ಅಂದರೆ ಕ್ಯಾನ್ಸರ್ ಇರುವ ಜಾಗ ಹೊಳೆದು ಕಾಣುವ ಸ್ಕ್ಯಾನ್. ಅದರಲ್ಲಿ ಬೇರೆಲ್ಲೂ ಕಾಣದಿದ್ದರೆ ಗೆಡ್ಡೆ ತೆಗೆಯುವುದು ಮತ್ತು ಕಾವಲು ಗ್ರಂಥಿ ತೆಗೆದು ನೋಡುವುದು, ಎರಡೂ ಒಂದೇ ಆಪರೇಷನ್‌ನಲ್ಲಿ. ಗಾಯ ಮಾಗಿದ ಕೂಡಲೇ ರೇಡಿಯೇಷನ್.

ಈ ಕಾವಲು ಗ್ರಂಥಿಯ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು. ಹಿಂದಿನ ಸರ್ಜನ್ ಹೇಳಿದಂತೆ ಮಾಡಿದ್ದರೆ ನಾವು ಕಳೆದುಕೊಳ್ಳುತ್ತಿದ್ದದ್ದು ಇದನ್ನೇ. ಗೆಡ್ಡೆಯಿಂದ ಹೊರಟ ಕ್ಯಾನ್ಸರ್ ಕೋಶ ಲಿಂಫ್ ನಾಳದಲ್ಲಿ ಹರಿದು ಮೊದಲು ತಲುಪುವ ಗ್ರಂಥಿ ಒಂದಿರುತ್ತದೆ. ಆಪರೇಷನ್‌ಗೆ ಮುಂಚೆ ಗೆಡ್ಡೆಯ ಸುತ್ತ ಸ್ವಲ್ಪ ವಿಕಿರಣ ಇರುವ ದ್ರವ ಚುಚ್ಚುತ್ತಾರೆ. ಅದು ಯಾವ ಗ್ರಂಥಿಗೆ ಹೋಗಿ ನಿಲ್ಲುತ್ತದೆ ಅಂತ ಕ್ಯಾಮೆರಾದಲ್ಲಿ ನೋಡುತ್ತಾರೆ. ನೀಲಿ ಬಣ್ಣವನ್ನೂ ಚುಚ್ಚುತ್ತಾರೆ. ಆಪರೇಷನ್ ಹೊತ್ತಲ್ಲಿ ವಿಕಿರಣ ಪತ್ತೆ ಮಾಡುವ ಸಣ್ಣ ಕಡ್ಡಿಯಂಥ ಯಂತ್ರ ಇಟ್ಟು ಅದೇ ಗ್ರಂಥಿಯನ್ನು ಹುಡುಕಿ ತೆಗೆಯುತ್ತಾರೆ. ಮೊದಲೇ ಅಗಲವಾಗಿ ಕೊಯ್ದುಬಿಟ್ಟರೆ ಆ ಜಾಗದ ನಾಳಗಳ ದಾರಿಯೇ ಬದಲಾಗುತ್ತದೆ. ಆಮೇಲೆ ಹುಡುಕಿದರೆ ಸಿಗುವ ಗ್ರಂಥಿ ಸರಿಯಾದದ್ದೇ ಅಂತ ನಂಬುವುದು ಕಷ್ಟ.

ಕೈಗೆ ಸಿಗುವಂಥ ಊತ ಇಲ್ಲ ಅಂದಮೇಲೆ ಗ್ರಂಥಿ ಯಾಕೆ ತೆಗೀಬೇಕು ಅಂತ ನಾನು ಕೇಳಿದೆ. ಸರ್ಜನ್ ಹೇಳಿದ್ದು: ಮೇಲ್ನೋಟಕ್ಕೆ ಗ್ರಂಥಿ ಸರಿಯಾಗಿಯೇ ಇರುವ ರೋಗಿಗಳಲ್ಲೂ ಸುಮಾರು ಮೂರರಲ್ಲಿ ಒಬ್ಬರಿಗೆ ಅದರೊಳಗೆ ಕ್ಯಾನ್ಸರ್ ಸಿಗುತ್ತದೆ. ಅಮ್ಮನ ಸ್ಕ್ಯಾನ್‌ನಲ್ಲಿ ಕಂಕುಳು ಸ್ವಚ್ಛವಾಗಿತ್ತು. ತೆಗೆದ ಎರಡು ಗ್ರಂಥಿಗಳಲ್ಲಿ ಒಂದರಲ್ಲಿ ಕೋಶಗಳು ಸಿಕ್ಕವು. ಅದೂ ಮಾಮೂಲಿ ಬಣ್ಣದಲ್ಲಿ ಕಾಣಿಸದೆ, ಸಿಕೆ-20 ಹಾಕಿದ ಮೇಲೆ. ಅಲ್ಲಿಗೆ ಮೊದಲ ಹಂತ ಅಂದುಕೊಂಡಿದ್ದದ್ದು ಮೂರನೆಯ ಹಂತವಾಯಿತು. ಕೇಳಿದಾಗ ನನ್ನ ಕೈಕಾಲು ತಣ್ಣಗಾಯಿತು. ಆದರೆ ಗೊತ್ತಾದದ್ದರಿಂದ ಕಂಕುಳಿಗೂ ರೇಡಿಯೇಷನ್ ಕೊಟ್ಟರು. ಗೊತ್ತಾಗದೆ ಇದ್ದಿದ್ದರೆ ಅದು ಅಲ್ಲೇ ಬೆಳೆಯುತ್ತಿತ್ತು.

ಆಪರೇಷನ್ನಿನ ಇನ್ನೊಂದು ವಿಷಯ ನನಗೆ ಹಿಡಿಸಿತು. ಗೆಡ್ಡೆಯ ಸುತ್ತ ಒಂದು ಸೆಂಟಿಮೀಟರ್ ಒಳ್ಳೆಯ ಚರ್ಮ ಸೇರಿಸಿ ತೆಗೆದು, ಅಂಚುಗಳನ್ನು ಎಳೆದು ನೇರವಾಗಿ ಹೊಲಿದರು. ಇನ್ನೂ ಅಗಲವಾಗಿ ತೆಗೆದು ತೊಡೆಯಿಂದ ಚರ್ಮ ತಂದು ಹಾಕಬಹುದಿತ್ತು. ಹಾಗೆ ಮಾಡಿದರೆ ಮಾಗಲು ವಾರಗಟ್ಟಲೆ ಬೇಕು, ರೇಡಿಯೇಷನ್ ತಡವಾಗುತ್ತದೆ. ಈ ಕ್ಯಾನ್ಸರ್ ರೇಡಿಯೇಷನ್‌ಗೆ ಚೆನ್ನಾಗಿ ಬಗ್ಗುತ್ತದೆ, ತಡ ಮಾಡಿದರೆ ಮಾತ್ರ ಕಾಯುವುದಿಲ್ಲ. ಸರ್ಜನ್ ಈ ಲೆಕ್ಕವನ್ನು ರೇಡಿಯೇಷನ್ ಡಾಕ್ಟರ ಜೊತೆ ಕೂತು ಹಾಕಿದ್ದರು. ಬೇರೆ ಬೇರೆ ಕಟ್ಟಡದಲ್ಲಿ ಬೇರೆ ಬೇರೆ ದಿನ ಇಬ್ಬರನ್ನು ಕಂಡಿದ್ದರೆ ಈ ಮಾತುಕತೆ ನಡೆಯುತ್ತಲೇ ಇರಲಿಲ್ಲ.

ರೇಡಿಯೇಷನ್ ಬಗ್ಗೆ ಬರೆಯಲು ಜಾಸ್ತಿ ಇಲ್ಲ. ವಾರಕ್ಕೆ ಐದು ದಿನ, ಐದು ವಾರ, ಒಟ್ಟು 50 ಗ್ರೇ (ವಿಕಿರಣದ ಅಳತೆ). ಮುಂಗೈ ಮತ್ತು ಕಂಕುಳಿಗೆ. ಸಮಯಕ್ಕೆ ಸರಿಯಾಗಿ ಕರೆಯುತ್ತಿದ್ದರು. ಚರ್ಮ ಕೆಂಪಾಗಿ ಕೊನೆಕೊನೆಗೆ ಕಂಕುಳಲ್ಲಿ ಸುಲಿಯಿತು. ಮುಲಾಮು, ಅಂಟದ ಬ್ಯಾಂಡೇಜ್ ಎರಡನ್ನೂ ಅವರೇ ಕೊಟ್ಟರು. ಕೆಳ ಅಂತಸ್ತಿನ ಕಾಯುವ ಜಾಗ ವಿಪರೀತ ಚಳಿ, ವಯಸ್ಸಾದವರನ್ನು ಕರೆದುಕೊಂಡು ಹೋಗುವವರು ಶಾಲು ಇಟ್ಟುಕೊಳ್ಳಿ.

ಮಾತಾಡುವ ರೀತಿಯ ಬಗ್ಗೆ ಹೇಳಲೇಬೇಕು. ಔಷಧಿ ಕೊಡುವ ಕ್ಯಾನ್ಸರ್ ಡಾಕ್ಟರು ಮೊದಲ ದಿನ ನನ್ನ ಕಡೆ ನೋಡದೆ ಅಮ್ಮನ ಎದುರಿಗೆ ಕುರ್ಚಿ ಎಳೆದುಕೊಂಡು ಕೂತರು. "ಅಮ್ಮಾ, ಕೆಲವರಿಗೆ ಎಲ್ಲಾ ಗೊತ್ತಾಗಬೇಕು ಅನ್ಸುತ್ತೆ, ಕೆಲವರಿಗೆ ಬೇಡ ಅನ್ಸುತ್ತೆ. ನಿಮಗೆ ಹೇಗೆ?" ಅಂತ ಕೇಳಿದರು. ಅಮ್ಮ ಸ್ವಲ್ಪ ಯೋಚಿಸಿ, "ಏನು ಮಾಡ್ತೀರಿ ಅಂತ ಹೇಳಿ. ಎಷ್ಟು ದಿನ ಅಂತ ಹೇಳ್ಬೇಡಿ. ಅದನ್ನ ಮಗಳಿಗೆ ಹೇಳಿ" ಅಂದಳು. ಅದು ಫೈಲಿನಲ್ಲಿ ಬರೆದುಹೋಯಿತು. ಆಮೇಲೆ ಯಾವ ಡಾಕ್ಟರು ಬಂದರೂ, ಯಾವ ನರ್ಸ್ ಬಂದರೂ ಆ ಗೆರೆ ದಾಟಲಿಲ್ಲ. ಅಮ್ಮನಿಗೆ ತಿಳಿಯದಂತೆ ಗುಸುಗುಸು ಮಾತಾಡುವುದನ್ನು ಬೇರೆ ಕಡೆ ಬೇಕಾದಷ್ಟು ಕಂಡಿದ್ದೇನೆ. ಇಲ್ಲಿ ನನಗೆ ಅಂಕಿ ಹೇಳಿದರೂ ಅಮ್ಮನ ಒಪ್ಪಿಗೆಯಿಂದಲೇ ಹೇಳಿದರು.

ಆ ಅಂಕಿಗಳು ಇವು. ಒಂಬತ್ತು ಸಾವಿರಕ್ಕೂ ಹೆಚ್ಚು ರೋಗಿಗಳನ್ನು ಒಟ್ಟುಗೂಡಿಸಿ 2016ರಲ್ಲಿ ಬಂದ ಒಂದು ವಿಶ್ಲೇಷಣೆ ಪ್ರಕಾರ, ಐದು ವರ್ಷದ ನಂತರ ಬದುಕಿರುವವರು: ಗೆಡ್ಡೆ ಇದ್ದಲ್ಲೇ ಇದ್ದರೆ ಸುಮಾರು 51%, ಲಿಂಫ್ ಗ್ರಂಥಿಗೆ ಹೋಗಿದ್ದರೆ 35%, ದೂರಕ್ಕೆ ಹರಡಿದ್ದರೆ 14%. ಹೇಳಿ ಮುಗಿಸಿ ಅವರು ಅಲ್ಲಿಗೇ ಬಿಡಲಿಲ್ಲ. ಈ ಲೆಕ್ಕ ಇಮ್ಯುನೋಥೆರಪಿ (ದೇಹದ ರಕ್ಷಣಾ ಶಕ್ತಿಯನ್ನೇ ಕ್ಯಾನ್ಸರ್ ಮೇಲೆ ಬಿಡುವ ಔಷಧಿ) ಬರುವ ಮುಂಚಿನ ರೋಗಿಗಳದ್ದು, ಗ್ರಂಥಿಯಲ್ಲಿ ಕಣ್ಣಿಗೆ ಕಾಣದಷ್ಟು ಸಿಕ್ಕವರಿಗೂ ಕೈಗೆ ಸಿಗುವಷ್ಟು ಊದಿದವರಿಗೂ ವ್ಯತ್ಯಾಸ ಇದೆ ಅಂತ ಬಿಡಿಸಿ ಹೇಳಿದರು. ವಾಪಸ್ ಬರುವುದಾದರೆ ಹೆಚ್ಚಾಗಿ ಮೊದಲ ಎರಡು ಮೂರು ವರ್ಷದಲ್ಲೇ ಬರುತ್ತದೆ, ಹಾಗಾಗಿ ಆಗ ಮೇಲಿಂದ ಮೇಲೆ ನೋಡುತ್ತೇವೆ ಅಂದರು. ನನಗೆ ಬೇಕಿದ್ದದ್ದು ಇದೇ. ಧೈರ್ಯ ತುಂಬುವ ಸುಳ್ಳು ಬೇಕಿರಲಿಲ್ಲ.

ಅಮ್ಮನಿಗೆ ಇದ್ದ ಚಿಂತೆ ಬೇರೆ. ಈ ಕ್ಯಾನ್ಸರ್ ವೈರಸ್‌ನಿಂದ ಬರುತ್ತದೆ ಅಂತ ಯಾರೋ ಹೇಳಿಬಿಟ್ಟಿದ್ದರು. ಅವತ್ತಿಂದ ಮೊಮ್ಮಗುವನ್ನು ಎತ್ತಿಕೊಳ್ಳುವುದನ್ನೇ ಬಿಟ್ಟಿದ್ದಳು. ಕ್ಲಿನಿಕ್‌ನ ನರ್ಸ್ ಇದನ್ನು ಹೇಗೋ ಗಮನಿಸಿ ಡಾಕ್ಟರಿಗೆ ಹೇಳಿದರು. ಅವರು ಬಂದು ನಿಧಾನವಾಗಿ ವಿವರಿಸಿದರು. 2008ರಲ್ಲಿ ಪಿಟ್ಸ್‌ಬರ್ಗ್‌ನಲ್ಲಿ ಯುವಾನ್ ಚಾಂಗ್ ಮತ್ತು ಪ್ಯಾಟ್ರಿಕ್ ಮೂರ್ ಅವರ ತಂಡ ಈ ವೈರಸ್ ಕಂಡುಹಿಡಿಯಿತು. ಸುಮಾರು 80% ಮರ್ಕೆಲ್ ಸೆಲ್ ಗೆಡ್ಡೆಗಳಲ್ಲಿ ಅದು ಇರುತ್ತದೆ. ಆದರೆ ಅದೇ ವೈರಸ್ ಚಿಕ್ಕಂದಿನಿಂದಲೇ ಬಹುತೇಕ ಎಲ್ಲರ ಚರ್ಮದ ಮೇಲೂ ತೆಪ್ಪಗೆ ಇರುತ್ತದೆ. ಎಲ್ಲೋ ಅಪರೂಪಕ್ಕೆ ಅದರ ಒಂದು ತುಂಡು ಕೋಶದ ಡಿಎನ್‌ಎ ಒಳಗೆ ಸಿಕ್ಕಿಕೊಂಡು ಕೆಟ್ಟಾಗಲೇ ಕ್ಯಾನ್ಸರ್ ಆಗುವುದು. ಉಳಿದ ಗೆಡ್ಡೆಗಳಿಗೆ ಮುಖ್ಯ ಕಾರಣ ಬಿಸಿಲಿನ ಅತಿನೇರಳೆ ಕಿರಣ. ಕ್ಯಾನ್ಸರ್ ಒಬ್ಬರಿಂದ ಒಬ್ಬರಿಗೆ ಅಂಟುವುದಿಲ್ಲ. "ಮೊಮ್ಮಗೂನ ಎತ್ಕೊಳ್ಳಿ ಅಮ್ಮಾ, ಬಲಗೈಲಿ ಎತ್ಕೊಳ್ಳಿ, ಎಡಗೈ ಹೊಲಿಗೆ ಇನ್ನೂ ಹಸಿ ಇದೆ" ಅಂದರು. ಆ ಹತ್ತು ನಿಮಿಷಕ್ಕೆ ನಾನು ಬೇರೆ ಅಂಕವನ್ನೇ ಕೊಡಬೇಕು.

ರೇಡಿಯೇಷನ್ ಮುಗಿದ ಮೇಲೆ ಮೂರು ತಿಂಗಳಿಗೊಮ್ಮೆ ತೋರಿಸುತ್ತಿದ್ದೆವು. ಪ್ರತಿ ಸಲ ಮತ್ತೆ ಇಡೀ ಚರ್ಮ, ಎಲ್ಲಾ ಗ್ರಂಥಿ. ನಿಗದಿಯಾಗಿದ್ದ ಒಂದು ಸ್ಕ್ಯಾನ್‌ನಲ್ಲಿ ಹೊಟ್ಟೆಯ ಹಿಂಭಾಗದ ಲಿಂಫ್ ಗ್ರಂಥಿಗಳು ಹೊಳೆದವು. ಅಮ್ಮನಿಗೆ ಯಾವ ತೊಂದರೆಯೂ ಇರಲಿಲ್ಲ. ಆರಾಮಾಗಿ ಓಡಾಡಿಕೊಂಡಿದ್ದಳು. ಸ್ಕ್ಯಾನ್ ಹೊಳೆದ ಮಾತ್ರಕ್ಕೆ ಅವರು ಚಿಕಿತ್ಸೆ ಶುರು ಮಾಡಲಿಲ್ಲ. ಸೂಜಿ ಹಾಕಿ ಅಲ್ಲಿಂದಲೂ ಚೂರು ತೆಗೆದು ಅದೇ ಕ್ಯಾನ್ಸರ್ ಅಂತ ಖಚಿತ ಮಾಡಿಕೊಂಡರು.

ಕೀಮೋ ಅಂತ ನಾನು ಮನಸ್ಸು ಗಟ್ಟಿ ಮಾಡಿಕೊಂಡಿದ್ದೆ. ಅವರು ಅದನ್ನು ಮೊದಲಿಗೆ ಇಡಲಿಲ್ಲ. ಪ್ಲಾಟಿನಂ ಮತ್ತು ಎಟೊಪೊಸೈಡ್ ಕೀಮೋಗೆ ಈ ಗೆಡ್ಡೆ ಬೇಗ ಕುಗ್ಗುತ್ತದಂತೆ, ಆದರೆ ಬಹಳಷ್ಟು ಜನರಲ್ಲಿ ಕೆಲವೇ ತಿಂಗಳಲ್ಲಿ ತಿರುಗಿ ಬೆಳೆಯುತ್ತದಂತೆ. ಇಮ್ಯುನೋಥೆರಪಿ ಬೇರೆ ಥರ. ಕ್ಯಾನ್ಸರ್ ಕೋಶ ನಮ್ಮ ರಕ್ಷಣಾ ಕೋಶಗಳಿಗೆ ಬ್ರೇಕ್ ಹಾಕಿರುತ್ತದೆ, ಈ ಔಷಧಿ ಆ ಬ್ರೇಕ್ ಬಿಡಿಸುತ್ತದೆ. ಅವೆಲುಮ್ಯಾಬ್ ಅನ್ನುವುದಕ್ಕೆ ಅಮೆರಿಕದಲ್ಲಿ 2017ರ ಮಾರ್ಚ್‌ನಲ್ಲಿ ಒಪ್ಪಿಗೆ ಸಿಕ್ಕಿತು, ಈ ಕಾಯಿಲೆಗೇ ಅಂತ ಬಂದ ಮೊದಲ ಔಷಧಿ ಅದು. 2018ರ ಡಿಸೆಂಬರ್‌ನಲ್ಲಿ ಪೆಂಬ್ರೊಲಿಜುಮ್ಯಾಬ್. ಮೊದಲ ಔಷಧಿಯಾಗಿ ಇದನ್ನು ತಗೊಂಡ 50 ರೋಗಿಗಳ ಅಧ್ಯಯನದಲ್ಲಿ 56% ಜನರ ಗೆಡ್ಡೆ ಕುಗ್ಗಿತ್ತು. ಕುಗ್ಗಿದವರಲ್ಲಿ ಬಹಳ ಜನರಿಗೆ ಅದು ದೀರ್ಘಕಾಲ ಹಾಗೇ ಉಳಿಯಿತು ಅನ್ನುವುದೇ ದೊಡ್ಡ ವಿಷಯ. ಅಮ್ಮನಿಗೆ ಕೊಟ್ಟದ್ದು ಪೆಂಬ್ರೊಲಿಜುಮ್ಯಾಬ್, ಮೂರು ವಾರಕ್ಕೊಮ್ಮೆ, ರಕ್ತನಾಳಕ್ಕೆ ಡ್ರಿಪ್. ಅರ್ಧ ಗಂಟೆಯ ಕೆಲಸ.

ಶುರು ಮಾಡುವ ಮುಂಚೆ ಥೈರಾಯ್ಡ್, ಲಿವರ್, ಕಿಡ್ನಿ, ಸಕ್ಕರೆ, ಕಾರ್ಟಿಸೋಲ್ ಎಲ್ಲಾ ನೋಡಿದರು. ಸಂಧಿವಾತದಂಥ, ದೇಹ ತನ್ನ ಮೇಲೇ ತಿರುಗುವ ಕಾಯಿಲೆ ಇದೆಯಾ ಅಂತ ಎರಡೆರಡು ಸಲ ಕೇಳಿದರು. ಬ್ರೇಕ್ ಬಿಟ್ಟ ರಕ್ಷಣಾ ಕೋಶಗಳು ಒಳ್ಳೆಯ ಅಂಗಗಳ ಮೇಲೂ ಬೀಳಬಹುದು. ಅಮ್ಮನಿಗೆ ಕೆಲ ತಿಂಗಳಲ್ಲಿ ಥೈರಾಯ್ಡ್ ಕುಗ್ಗಿತು. ಸುಸ್ತು, ಸದಾ ಚಳಿ. ದಿನಕ್ಕೊಂದು ಥೈರಾಕ್ಸಿನ್ ಮಾತ್ರೆಯಲ್ಲಿ ಸರಿಹೋಯಿತು, ಚಿಕಿತ್ಸೆ ನಿಲ್ಲಿಸಬೇಕಾಗಲಿಲ್ಲ. ಖರ್ಚು ಜಾಸ್ತಿಯ ಔಷಧಿ ಇದು. ಎಷ್ಟು ಸಲ, ಒಟ್ಟು ಎಷ್ಟು, ಯಾವ ಸ್ಕ್ಯಾನ್ ನೋಡಿ ಮುಂದುವರಿಸುತ್ತೇವೆ, ಯಾವಾಗ ನಿಲ್ಲಿಸುತ್ತೇವೆ ಅಂತ ಮೊದಲೇ ಬರೆದುಕೊಟ್ಟಿದ್ದರು. ಲೆಕ್ಕದವಳಾಗಿ ಹೇಳುತ್ತೇನೆ, ಆ ಕಾಗದದಲ್ಲಿ ಇದ್ದದ್ದಕ್ಕೂ ಬಿಲ್ಲಿಗೂ ವ್ಯತ್ಯಾಸ ಬರಲಿಲ್ಲ.

ಈಗ ದೂರು.

ಒಂದು ಡ್ರಿಪ್ ಆಗಿ ಸ್ವಲ್ಪ ದಿನಕ್ಕೆ, ವಾರದ ಕೊನೆಯ ಒಂದು ರಾತ್ರಿ ಅಮ್ಮನಿಗೆ ಭೇದಿ ಶುರುವಾಯಿತು. ಬೆಳಗಾಗುವಷ್ಟರಲ್ಲಿ ಲೆಕ್ಕ ತಪ್ಪುವಷ್ಟು. ಇಮ್ಯುನೋಥೆರಪಿಯಲ್ಲಿ ಭೇದಿ ಅಂದರೆ ಕರುಳಿನ ಉರಿಯೂತ ಇರಬಹುದು, ತಕ್ಷಣ ಫೋನ್ ಮಾಡಿ ಅಂತ ಕ್ಲಿನಿಕ್‌ನವರೇ ಹೇಳಿಕೊಟ್ಟಿದ್ದರು. ಫೋನ್ ಮಾಡಿದೆ. ರಾತ್ರಿ ಫೋನ್ ಎತ್ತುವವರು ಈ ಕ್ಲಿನಿಕ್‌ನವರಲ್ಲ, ಇಡೀ ಆಸ್ಪತ್ರೆಗೆ ಒಬ್ಬರು. ಅವರಿಗೆ ಇಮ್ಯುನೋಥೆರಪಿ ಅಂದರೇನು ಅಂತಲೇ ಗೊತ್ತಿರಲಿಲ್ಲ. ಓಆರ್‌ಎಸ್ ಕುಡಿಸಿ, ಸೋಮವಾರ ಬನ್ನಿ ಅಂದರು. ನಾನು ಒಪ್ಪದೆ ತುರ್ತು ವಿಭಾಗಕ್ಕೆ ಕರೆದುಕೊಂಡು ಹೋದೆ. ಔಷಧಿಯ ಹೆಸರಿರುವ ಕಾರ್ಡು ತೋರಿಸಿದ ಮೇಲೆ ಅಲ್ಲಿನ ಡಾಕ್ಟರು ಕ್ಯಾನ್ಸರ್ ಡಾಕ್ಟರನ್ನು ಎಬ್ಬಿಸಿದರು. ಸೋಂಕು ಇಲ್ಲ ಅಂತ ಪರೀಕ್ಷೆ ಮಾಡಿ ಸ್ಟೀರಾಯ್ಡ್ ಶುರು ಮಾಡಿದರು. ಎರಡು ದಿನದಲ್ಲಿ ಹಿಡಿತಕ್ಕೆ ಬಂತು. ಸೋಮವಾರದವರೆಗೆ ಮನೆಯಲ್ಲೇ ಇದ್ದಿದ್ದರೆ ಏನಾಗುತ್ತಿತ್ತು ಅಂತ ಯೋಚಿಸಲೂ ನನಗೆ ಇಷ್ಟವಿಲ್ಲ. ಕ್ಲಿನಿಕ್‌ನವರಿಗೆ ಬರೆದು ಕೊಟ್ಟಿದ್ದೇನೆ. ಮುಖ್ಯ ನರ್ಸ್ ಕ್ಷಮೆ ಕೇಳಿದರು. ಆದರೆ ಇವತ್ತಿಗೂ ರಾತ್ರಿಯ ಫೋನ್ ಹಾಗೇ ಇದೆ. ಇಂಥ ಔಷಧಿ ಕೊಡುವವರು ಇಂಥ ಔಷಧಿ ಗೊತ್ತಿರುವವರನ್ನು ರಾತ್ರಿಯೂ ಫೋನ್ ಹತ್ತಿರ ಕೂರಿಸಲೇಬೇಕು.

ಎರಡನೆಯದು ಕೈ ಊತ. ಕಂಕುಳಿನ ಗ್ರಂಥಿ ತೆಗೆದು ಅದೇ ಜಾಗಕ್ಕೆ ರೇಡಿಯೇಷನ್ ಕೊಟ್ಟರೆ ಕೈಯಲ್ಲಿ ದ್ರವ ನಿಂತು ಊದುವ ಸಂಭವ ಇದ್ದೇ ಇದೆ. ಇದನ್ನು ಅವರು ಬಾಯಲ್ಲಿ ಹೇಳಿದ್ದರು, ಅಷ್ಟೇ. ಫಿಸಿಯೋಥೆರಪಿಗೆ ಕಳಿಸಿದ್ದು ಅಮ್ಮನ ಬಳೆ ಬಿಗಿಯಾಗಿದೆ ಅಂತ ನಾನೇ ತೋರಿಸಿದ ಮೇಲೆ. ಒತ್ತಡದ ತೋಳುಚೀಲ, ದಿನದ ವ್ಯಾಯಾಮ, ಚರ್ಮ ಒಡೆಯದಂತೆ ನೋಡಿಕೊಳ್ಳುವುದು, ಇಷ್ಟನ್ನು ಮೊದಲ ವಾರದಿಂದಲೇ ಹೇಳಿಕೊಟ್ಟಿದ್ದರೆ ಅಮ್ಮನ ಕೈ ಈಗಿನಷ್ಟು ಭಾರ ಆಗುತ್ತಿರಲಿಲ್ಲ ಅಂತ ನನ್ನ ನಂಬಿಕೆ. ಕ್ಯಾನ್ಸರನ್ನು ಇಷ್ಟು ಶ್ರದ್ಧೆಯಿಂದ ನೋಡುವವರು ಕೈಯನ್ನೂ ಹಾಗೇ ನೋಡಬೇಕಿತ್ತು. ಆ ಕೈಯಲ್ಲೇ ಅವಳು ದಿನವಿಡೀ ಕೆಲಸ ಮಾಡುವುದು.

ಕಾಯಿಸುತ್ತಾರೆ ಅನ್ನುವ ದೂರನ್ನು ನಾನು ಲೆಕ್ಕಕ್ಕೆ ಹಿಡಿದಿಲ್ಲ. ಹೌದು, ಕ್ಲಿನಿಕ್ ದಿನ ಬೆಳಗ್ಗೆ ಹೋದರೆ ಸಂಜೆ ಆಗುತ್ತದೆ. ಒಬ್ಬೊಬ್ಬರ ಇಡೀ ಮೈ ನೋಡುವವರು ಬೇಗ ಮುಗಿಸಲು ಹೇಗೆ ಸಾಧ್ಯ?

ಹಿಂದಿನ ಸ್ಕ್ಯಾನ್ ಬಂದಾಗ ಡಾಕ್ಟರು ಹೇಳಿದ್ದು: "ಸ್ಕ್ಯಾನ್‌ನಲ್ಲಿ ಕಾಣುವಂಥದ್ದು ಏನೂ ಉಳಿದಿಲ್ಲ." ವಾಸಿಯಾಯಿತು ಅನ್ನಲಿಲ್ಲ. ಅಮ್ಮ ಕೇಳಲೂ ಇಲ್ಲ. ಸ್ಟೀರಾಯ್ಡ್ ಮುಗಿದ ಮೇಲೆ ಡ್ರಿಪ್ ಮತ್ತೆ ಶುರು ಮಾಡಬೇಕಾ, ನಿಲ್ಲಿಸಿ ಕಾದು ನೋಡಬೇಕಾ ಅಂತ ಮತ್ತೆ ಆ ಕೋಣೆಯಲ್ಲಿ ಎಲ್ಲರೂ ಕೂತು ಚರ್ಚಿಸಿದರು. ಸದ್ಯಕ್ಕೆ ನಿಲ್ಲಿಸಿದ್ದಾರೆ, ಮೂರು ತಿಂಗಳಿಗೊಮ್ಮೆ ಸ್ಕ್ಯಾನ್.

ಇಂಥ ಕ್ಲಿನಿಕ್‌ಗೆ ಹೋಗುವವರು ಇಷ್ಟು ಮಾಡಿ. ಬಯಾಪ್ಸಿ ಮಾಡಿದ ಲ್ಯಾಬಿನಿಂದ ಬರಿ ರಿಪೋರ್ಟ್ ತರಬೇಡಿ, ಸ್ಲೈಡ್ ಮತ್ತು ಬ್ಲಾಕ್ ಎರಡನ್ನೂ ಬರೆದು ಕೇಳಿ ತನ್ನಿ. ಅದನ್ನು ಕೇಳುವ ಹಕ್ಕು ರೋಗಿಗೆ ಇದೆ. ಸ್ಕ್ಯಾನ್‌ನ ಸಿ.ಡಿ. ಇಟ್ಟುಕೊಳ್ಳಿ. ಗಂಟಿನ ಹಳೆಯ ಫೋಟೊ ಮೊಬೈಲಿನಲ್ಲಿ ಇದ್ದರೆ ತಾರೀಕಿನ ಸಮೇತ ತೋರಿಸಿ, ಎಷ್ಟು ಬೇಗ ಬೆಳೆಯಿತು ಅನ್ನುವುದಕ್ಕೆ ಅದಕ್ಕಿಂತ ಒಳ್ಳೆಯ ಸಾಕ್ಷಿ ಇಲ್ಲ. ಗೆಡ್ಡೆ ಅಗಲವಾಗಿ ತೆಗೆಯುವ ದಿನ ಇಡುವ ಮುಂಚೆ, ಕಾವಲು ಗ್ರಂಥಿಯನ್ನೂ ಅದೇ ಆಪರೇಷನ್‌ನಲ್ಲಿ ನೋಡುತ್ತೀರಾ ಅಂತ ಸರ್ಜನ್‌ಗೆ ಕೇಳಿ. ಇಮ್ಯುನೋಥೆರಪಿ ಶುರುವಾದರೆ ಔಷಧಿಯ ಹೆಸರಿರುವ ಕಾರ್ಡನ್ನು ಪರ್ಸಿನಲ್ಲೇ ಇಡಿ. ರಾತ್ರಿ ಹೊತ್ತಲ್ಲಿ ಯಾರಿಗೆ ಫೋನ್ ಮಾಡಬೇಕು, ಅವರು ಎತ್ತದಿದ್ದರೆ ಮುಂದೆ ಯಾರು ಅಂತ ಮೊದಲ ಡ್ರಿಪ್‌ಗೆ ಮುಂಚೆಯೇ ಬರೆಸಿಕೊಳ್ಳಿ.